ಟ್ರೇಲರಿನಿಂದ ತೊಟ್ಟಿಲಿಗೆ

ಎಳೆ ಮಗು ಇರುವ ಮನೆಗೂ ನನಗೂ ಯಾವ ಜನ್ಮದ ನಂಟೋ ಕಾಣೆ, ಅಂಥವರ ಕೆಲಸಕ್ಕೆ ನಾನು ಬಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಾನು ಮೂಲದಲ್ಲಿ ಟ್ರ್ಯಾಕ್ಟರ್ ಟ್ರೇಲರಿಗೆ ಬಣ್ಣ ಹೊಡೆಯುವವನು. ಹೊಳೆನರಸೀಪುರದಲ್ಲಿ, ಹಾಸನದ ಕಡೆ ಹೋಗುವ ರಸ್ತೆಯ ಪಕ್ಕ ನನ್ನ ಶೆಡ್ಡು. ಅಂಗಡಿಯ ಬೋರ್ಡುಗಳನ್ನೆಲ್ಲ ಫ್ಲೆಕ್ಸ್ ನುಂಗಿಕೊಂಡ ಮೇಲೆ ಟ್ರೇಲರ್ ಒಂದೇ ಉಳಿದಿತ್ತು. ಆಮೇಲೆ ಅದು ಹೇಗೋ ಹುಟ್ಟಿದ ಮಕ್ಕಳಿಗೆ ಉಡುಗೊರೆ ಬರೆಯುವ ಕೆಲಸ ಅಂಟಿಕೊಂಡಿತು. ಮರದ ಹಲಗೆಯ ಮೇಲೆ ಮಗುವಿನ ಹೆಸರು, ಸುತ್ತ ಬಳ್ಳಿ, ಗಿಣಿ, ಆನೆಮರಿ, ಹೀಗೆ ಅವರು ಕೇಳಿದ್ದನ್ನೆಲ್ಲ ಕೈಯಲ್ಲೇ ಬರೆದುಕೊಡುತ್ತೇನೆ. ನಾಮಕರಣದ ದಿನ ತೊಟ್ಟಿಲ ಹಿಂದಿನ ಗೋಡೆಗೆ ಅದನ್ನು ನೇತುಹಾಕುತ್ತಾರೆ.

ನನ್ನ ಹೆಂಡತಿ ಮಾತ್ರ ಮೊದಲೇ ಎಚ್ಚರಿಸಿದ್ದಳು. "ಟ್ರೇಲರಲ್ಲಿ ತಪ್ಪು ಬರದ್ರೆ ಡ್ರೈವರ್ ಒಬ್ಬ ಬೈತಾನೆ. ಇದ್ರಲ್ಲಿ ಎರಡೂ ಕಡೆ ಬೀಗರು ಬೈತಾರೆ."

ಮಾಲೀಕರು

ಮೊದಲು ಬರೆದದ್ದು ನನ್ನ ಅಕ್ಕನ ಮೊಮ್ಮಗನಿಗೆ. ಅಕ್ಕನನ್ನು ಅರಕಲಗೂಡಿಗೆ ಕೊಟ್ಟಿದೆ. ಅವಳ ಮಗಳು ಹೆರಿಗೆಗೆ ತವರಿಗೆ ಬಂದಾಗ, ಅಟ್ಟದ ಮೇಲಿದ್ದ ಹಳೇ ಮರದ ತೊಟ್ಟಿಲನ್ನು ಇಳಿಸಿ, "ಇದಕ್ಕೆ ಒಂದಿಷ್ಟು ಬಣ್ಣ ಕಾಣಿಸೋ ತಮ್ಮಯ್ಯ" ಅಂದಳು. ತಾಯಿ ಮನೆಯ ತೊಟ್ಟಿಲು, ಅಕ್ಕನ ಮಾತು. ನಾನು ಜೀವ ಬಿಟ್ಟು ಕೆಲಸ ಮಾಡಿದೆ. ಮಗುವಿನ ಬಾಯಿಗೆ ಬಣ್ಣ ಸಿಗಬಾರದು ಅಂತ ಹೊರಗಿನ ಪಟ್ಟಿಗೆ ಮಾತ್ರ ಬರೆದೆ. ಎರಡು ಕಡೆ ನವಿಲು, ನಡುವೆ ತಾವರೆ, ತಾವರೆಯ ಕೆಳಗೆ ನೆರಳು ಕೊಟ್ಟು ದಪ್ಪಕ್ಷರದಲ್ಲಿ ಮಗುವಿನ ಹೆಸರು, ಚಿರಂತ್.

ನಾಮಕರಣದ ದಿನ ತೊಟ್ಟಿಲನ್ನು ನಡುಮನೆಯಲ್ಲಿ ಕಟ್ಟಿದರು. ಬೀಗರ ಕಡೆಯಿಂದ ಒಂದು ವ್ಯಾನ್ ತುಂಬ ಜನ ಬಂದಿದ್ದರು. ಎಲ್ಲರೂ ನೋಡಿ ಚೆನ್ನಾಗಿದೆ ಚೆನ್ನಾಗಿದೆ ಅಂದರು. ಅವರಲ್ಲಿ ಒಬ್ಬರು ಲಾರಿ ಓಡಿಸುವವರು. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಸಾವಕಾಶವಾಗಿ ಗಟ್ಟಿಯಾಗಿ ಓದಿದರು.

"ಮಾಲೀಕರು, ಚಿರಂತ್."

ನಾನೂ ಬಗ್ಗಿ ನೋಡಿದೆ. ಟ್ರೇಲರಿನಲ್ಲಿ ತಾವರೆಯ ಕೆಳಗೆ ಯಾವ ಹೆಸರು ಬರೆದರೂ ಅದರ ಮೇಲೆ ಓರೆ ಅಕ್ಷರದಲ್ಲಿ 'ಮಾಲೀಕರು' ಅಂತ ಹಾಕುವುದು ನನ್ನ ಕೈಯ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ವ್ಯಾನಿನವರೆಲ್ಲ ನಗೋಕೆ ಶುರು ಮಾಡಿದರು. ಅಕ್ಕ ನನ್ನ ಪಕ್ಕೆಗೆ ತಿವಿದು, "ಬೀಗರ ಮುಂದೆ ಮರ್ಯಾದೆ ತೆಗೆದ್ಯಲ್ಲೋ" ಅಂತ ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನಾನು ಟರ್ಪೆಂಟೈನ್ ಬಟ್ಟೆ ತರೋಕೆ ಎದ್ದೆ.

ನನ್ನ ಭಾವ ಅಪರೂಪಕ್ಕೆ ಮಾತಾಡುವ ಮನುಷ್ಯ. ಅವರು ನನ್ನ ಕೈ ಹಿಡಿದು ಕೂರಿಸಿದರು.

"ಅಳಿಸ್ಬ್ಯಾಡ ಬುಡಯ್ಯ. ನಾವು ಯಾವಾಗ ಮಲಗ್ಬೇಕು, ಯಾವಾಗ ಏಳ್ಬೇಕು, ಟೀವಿ ಸೌಂಡು ಎಷ್ಟಿರ್ಬೇಕು, ಎಲ್ಲ ಈಗ ಅವ್ನೇ ಏಳಾದು. ಮಾಲೀಕ ಅಲ್ದೆ ಇನ್ನೇನು. ಬೇಕಾದ್ರೆ ಕೆಳಗೆ ಇನ್ನೊಂದು ಸಾಲು ಸೇರ್ಸು. ಕ್ಲೀನರ್ ಅಂತ ಬರ್ದು ನನ್ ಹೆಸರು ಹಾಕು."

ಅಜ್ಜಿ ಹೇಳಿದ ಹೆಸರು

ನಮ್ಮ ಕಡೆಯ ಹಳಬರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಸನ 'ಆಸನ' ಆಗುತ್ತೆ, ಹೊಳೆ 'ಒಳೆ' ಆಗುತ್ತೆ, ಹಾಲು 'ಆಲು' ಆಗುತ್ತೆ. ನಾನೂ ಇದೇ ನೀರು ಕುಡಿದು ಬೆಳೆದವನು. ಆದ್ದರಿಂದ ಯಾರಾದರೂ ಅಜ್ಜಿ ಫೋನಿನಲ್ಲಿ ಹೆಸರು ಹೇಳಿದರೆ, ಎಲ್ಲಿ ಹಕಾರ ಬಿದ್ದುಹೋಗಿದೆ ಅಂತ ಹುಡುಕಿ ಸೇರಿಸಿಕೊಳ್ಳುತ್ತೇನೆ. 'ಏಮಂತ' ಅಂದರೆ ಹೇಮಂತ ಅಂತ ಬರೆಯುತ್ತೇನೆ, 'ಅರೀಶ' ಅಂದರೆ ಹರೀಶ. ಇದುವರೆಗೆ ತಪ್ಪಿರಲಿಲ್ಲ.

ಒಂದು ದಿನ ಹಳ್ಳಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿತು. ಮೊಮ್ಮಗಳಿಗೆ ತಾನೇ ಸ್ವಂತವಾಗಿ ಕೊಡುವ ಉಡುಗೊರೆಯಂತೆ. ಮಗ, ಸೊಸೆ ಯಾರೂ ನಡುವೆ ಬರಕೂಡದಂತೆ.

"ಬರ್ಕ ಸಾ. ಅರ್ಷಿತಾ."

ನಾನು ಮನಸ್ಸಿನಲ್ಲೇ ನಕ್ಕು, ಹಲಗೆಯ ಮೇಲೆ ಸೊಗಸಾಗಿ 'ಹರ್ಷಿತಾ' ಅಂತ ಬರೆದೆ. ಆ ಹಕಾರದ ತಲೆಕಟ್ಟಿನ ಮೇಲೆ ಒಂದು ಗುಬ್ಬಚ್ಚಿಯನ್ನೂ ಕೂರಿಸಿದೆ.

ಹಲಗೆ ತೆಗೆದುಕೊಳ್ಳೋಕೆ ಬರುವಾಗ ಮಾತ್ರ, ಓದಿ ಹೇಳೋಕೆ ಅಂತ ಅಜ್ಜಿ ಸೊಸೆಯನ್ನು ಜೊತೆಗೆ ಕರೆದುಕೊಂಡು ಬಂದಿತ್ತು. ಅಜ್ಜಿಗೆ ಓದು ಬರುವುದಿಲ್ಲ. ಗುಬ್ಬಚ್ಚಿಯನ್ನು ನೋಡಿ ಸಂತೋಷಪಟ್ಟಿತು. ಸೊಸೆ ಓದಿ ಅತ್ತೆಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಅತ್ತೇ, ನಾವು ಇಟ್ಟಿರೋದು ಅರ್ಷಿತಾ ಅಂತ. ಅಕಾರ. ಇದು ಹರ್ಷಿತಾ ಆಗಿದೆ" ಅಂದಳು.

ಅಜ್ಜಿ ಹಲಗೆಯನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿತು. "ನಾನು ಅಂಗೇ ಅಲ್ವಾ ಏಳಿದ್ದು?"

"ಹೌದು ಅಜ್ಜಿ. ನೀವು ಸರಿಯಾಗೇ ಹೇಳಿದ್ರಿ. ನಾನೇ ತಿದ್ದಿಬಿಟ್ಟೆ."

"ನನ್ ಜೀವಮಾನದಾಗೆ ಒಂದೇ ಒಂದ್ಸಲ ಸರ್ಯಾಗಿ ಏಳಿದ್ದೆ, ಅದ್ನೂ ನಂಬ್ನಿಲ್ವಲ್ಲ ಸಾ ನೀನು" ಅಂತ ಅಜ್ಜಿ ಬೇಜಾರು ಮಾಡಿಕೊಂಡಿತು. ಅಲ್ಲೇ ಕೂತು ಅಳಿಸಿ ಬರೆದುಕೊಡುತ್ತೇನೆ, ಸ್ವಲ್ಪ ಹೊತ್ತು ಕಾಯಿರಿ ಅಂದೆ. ಅಜ್ಜಿಗೆ ಬಸ್ಸಿನ ಹೊತ್ತು ಮೀರುತ್ತಿತ್ತು. ಗುಬ್ಬಚ್ಚಿ ಹೋಗಿಬಿಡುತ್ತಲ್ಲ ಅನ್ನುವ ಸಂಕಟ ಬೇರೆ. ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಎದ್ದಿತು.

"ಇರ್ಲಿ ಬುಡು ಸಾ. ನೀನು ಯಾವ್ದು ಬರದ್ರೂ ನನ್ ಬಾಯಲ್ಲಿ ಎರಡೂ ಒಂದೇ."

ಮೂಗು

ಹೆಸರು ಬರೆಯುತ್ತೇನೆ, ಹೂವು ಬರೆಯುತ್ತೇನೆ. ಮಗುವಿನ ಮುಖ ಮಾತ್ರ ಬರೆಯಲ್ಲ ಅಂತ ಬೋರ್ಡು ಹಾಕಬೇಕು ಅಂದುಕೊಂಡಿದ್ದೇನೆ. ಅದಕ್ಕೆ ಚನ್ನರಾಯಪಟ್ಟಣದ ಒಂದು ಮನೆ ಕಾರಣ.

ಮಗುವಿನ ಫೋಟೊ ನೋಡಿಕೊಂಡು ಮುಖ ಬರೆದುಕೊಂಡು ಹೋಗಿದ್ದೆ. ಅಪ್ಪನ ತಾಯಿ ನೋಡಿ, "ಎಲ್ಲಾ ಸರಿ, ಮೂಗು ಸ್ವಲ್ಪ ಉದ್ದ ಮಾಡಿ. ನಮ್ಮ ಮನೆ ಮೂಗು ಅದು" ಅಂದರು. ಉದ್ದ ಮಾಡಿದೆ. ಅಮ್ಮನ ತಾಯಿ ಒಳಗಿಂದ ಬಂದವರು, "ಅಯ್ಯೋ, ಇದ್ಯಾರ ಮೂಗು. ನಮ್ಮ ಯಜಮಾನ್ರ ತರ ಗುಂಡಗಲ್ವಾ ಇರೋದು" ಅಂದರು. ಗುಂಡಗೆ ಮಾಡಿದೆ. ಒಬ್ಬರು ಕಾಫಿ ತರೋಕೆ ಒಳಗೆ ಹೋದಾಗ ಇನ್ನೊಬ್ಬರು ಬರುತ್ತಿದ್ದರು. ಮೂಗಿನ ಜಾಗದಲ್ಲಿ ಬಣ್ಣ ಪದರ ಪದರವಾಗಿ ಕೂತು ನಿಜವಾಗಿಯೂ ಮೂಗಿನ ಹಾಗೆ ಉಬ್ಬಿಕೊಂಡಿತು. ಕೊನೆಗೆ ಇಬ್ಬರೂ ಎದುರೆದುರೇ ನಿಂತು ಮಾತು ಬಿರುಸಾಯಿತು. ಬಾಣಂತಿ ಹುಡುಗಿ ಕೋಣೆಯ ಬಾಗಿಲಲ್ಲಿ ಸಪ್ಪಗೆ ನಿಂತಿದ್ದಳು.

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ತಾತ ಪೇಪರನ್ನು ಇಳಿಸದೆಯೇ ಹೇಳಿದರು.

"ಬೆಳಿಗ್ಗೆಯಿಂದ ಆ ಮಗೀಗೆ ನೆಗಡಿ. ಒರ್ಸೋಕೆ ಇಬ್ರಲ್ಲಿ ಒಬ್ರೂ ಬರ್ನಿಲ್ಲ. ಆಗ ಯಾರ್ದಾಗಿತ್ತು ಆ ಮೂಗು?"

ಮಡಚುವ ಹೆಸರು

ಹಾಸನದಿಂದ ಬಂದಿದ್ದ ಈ ದಂಪತಿ ಇಬ್ಬರೂ ಹೈಸ್ಕೂಲ್ ಮೇಷ್ಟ್ರು. ಗಂಡ ಕನ್ನಡ ಪಾಠ ಮಾಡುವವರು. ಬಂದವರು ಎಷ್ಟು ಹೊತ್ತಾದರೂ ಹೆಸರನ್ನು ಬಾಯಿ ಬಿಡಲಿಲ್ಲ. ಆಮೇಲೆ ಅವರ ಹೆಂಡತಿಯೇ ಹೇಳಿದರು. ಮಗುವಿನ ನಕ್ಷತ್ರ ನೋಡಿ ಜೋಯಿಸರು ಮೊದಲಕ್ಷರ ಕೊಟ್ಟಿದ್ದಾರೆ. ಅತ್ತೆಯವರು ಆ ಅಕ್ಷರ ಬಿಟ್ಟು ಬೇರೆ ಇಡಕೂಡದು ಅಂತ ಹಟ ಹಿಡಿದಿದ್ದಾರೆ.

"ಯಾವ ಅಕ್ಷರ ಮೇಡಂ?"

"ಣ."

ನಾನು ಮೇಷ್ಟ್ರ ಮುಖ ನೋಡಿದೆ. ಅವರು ನೆಲ ನೋಡಿದರು. "ಇಷ್ಟು ವರ್ಷ ಕನ್ನಡ ಹೇಳಿಕೊಟ್ಟಿದ್ದೀನಿ. ಈ ಅಕ್ಷರದಿಂದ ಶುರುವಾಗೋ ಒಂದು ಪದ ಹೇಳಿ ಅಂತ ಮಕ್ಕಳೇ ನನ್ನ ಕೇಳ್ತಿದ್ರು. ಇಲ್ಲ ಕಣ್ರೋ ಅಂತ ನಗಾಡ್ತಿದ್ದೆ. ಈಗ ಮನೇಲೇ ಹುಟ್ಟಿದೆ" ಅಂದರು.

ಹೆಸರನ್ನು ಆಮೇಲೆ ಹುಡುಕುತ್ತೇವೆ, ಸದ್ಯಕ್ಕೆ ಆ ಅಕ್ಷರ ಬರೆದು ಮುಂದೆ ಜಾಗ ಬಿಡಿ ಅಂದರು. ಹಲಗೆಯ ಎಡಗಡೆ ದೊಡ್ಡದಾಗಿ 'ಣ' ಬರೆದೆ. ಮಿಕ್ಕ ಜಾಗವನ್ನು ಖಾಲಿ ಬಿಟ್ಟರೆ ಚೆನ್ನಾಗಿರಲ್ಲ ಅಂತ ಒಂದು ಬಳ್ಳಿ ಹರಿಸಿದೆ. ನಾಮಕರಣ ಆಯಿತು, ಹಲಗೆ ಗೋಡೆಗೇರಿತು. ಮುಂದಿನ ಅಕ್ಷರ ಬರಲೇ ಇಲ್ಲ. ಬೀದಿಯವರೆಲ್ಲ ಮಗುವನ್ನು 'ಣಣ್ಣ' ಅಂತ ಕರೆಯೋಕೆ ಶುರು ಮಾಡಿದರಂತೆ.

ಕೆಲವು ತಿಂಗಳಾದ ಮೇಲೆ ಹಲಗೆ ಹಿಡಿದುಕೊಂಡು ಇಬ್ಬರೂ ಮತ್ತೆ ಬಂದರು. ಮೇಡಂ ಅಳುವ ಹಾಗಿದ್ದರು. ಮಗುವಿನ ಹೆಸರು ಹೇಳೋಕೆ ತಾಯಿಗೇ ನಾಚಿಕೆ ಆಗುವ ಹಾಗಾಯಿತಲ್ಲ ಅನ್ನುವುದು ಅವರ ಸಂಕಟ. ನನ್ನ ಹೆಂಡತಿ ಟೀ ತಂದುಕೊಟ್ಟು, ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಮುಂದಕ್ಕೆ ಸಿಕ್ಕದಿದ್ರೆ ಹಿಂದಕ್ಕೆ ಸೇರ್ಸಿ. ಅರುಣ ಅಂತ ಆಗಲ್ವಾ?"

ಮೇಷ್ಟ್ರು ಟೀ ಲೋಟವನ್ನು ಕೆಳಗಿಟ್ಟರು. ಜೋಯಿಸರಿಗೆ ಅಲ್ಲಿಂದಲೇ ಫೋನ್ ಹೋಯಿತು. ಅವರು, "ಅಕ್ಷರ ಎಲ್ಲೋ ಒಂದು ಕಡೆ ಬಂತಲ್ಲ, ಆಯ್ತು ಬಿಡಿ ಮಾರಾಯ್ರೇ, ನನಗೂ ಸಾಕಾಗಿದೆ" ಅಂದರು. ಅತ್ತೆ ಮಾತ್ರ ಒಪ್ಪಲಿಲ್ಲ. ಮೊದಲು ಬರಬೇಕಾದ ಅಕ್ಷರ ಕೊನೇಲಿ ಬಂದರೆ ಮಗುವಿಗೆ ಕೆಟ್ಟದ್ದು ಅಂತ ಊರಿನಿಂದಲೇ ಹಟ. ಇದರ ಮೇಲೆ ಇನ್ನೊಂದು ಕಷ್ಟ. 'ಣ' ಎಡತುದಿಗೆ ಅಂಟಿಕೊಂಡಿತ್ತು, ಅದರ ಹಿಂದೆ ಎರಡಕ್ಷರ ಬರೆಯೋಕೆ ಹಲಗೆಯೇ ಇರಲಿಲ್ಲ.

ಕೊನೆಗೆ ಇನ್ನೊಂದು ಸಣ್ಣ ಹಲಗೆಯ ಮೇಲೆ 'ಅರು' ಅಂತ ಬರೆದು, ಕಿಟಕಿಗೆ ಹಾಕುವ ಹಿಂಜ್ ಹಾಕಿ ಎರಡನ್ನೂ ಜೋಡಿಸಿದೆ. ಬಿಡಿಸಿದರೆ ಅರುಣ. ಹಿಂದಕ್ಕೆ ಮಡಚಿದರೆ ಬರೀ ಣ. ಅತ್ತೆ ಊರಿನಿಂದ ಬಂದಾಗ ಮಡಚುವುದು, ಹೋದ ಮೇಲೆ ಬಿಡಿಸುವುದು ಅಂತ ಮನೆಯಲ್ಲಿ ಒಪ್ಪಂದ ಆಯಿತು.

ಆ ಹುಡುಗ ಈಗ ಎಲ್‌ಕೆಜಿಗೆ ಹೋಗುತ್ತಾನೆ. ಅಜ್ಜಿ ಬಸ್ ಇಳಿದಳು ಅಂತ ಫೋನ್ ಬಂದರೆ, ಯಾರೂ ಹೇಳುವುದೇ ಬೇಡ, ತಾನೇ ಕುರ್ಚಿ ಹತ್ತಿ ತನ್ನ ಹೆಸರನ್ನು ಮಡಚಿಡುತ್ತಾನಂತೆ.

ಬಾಡಿಗೆ

ಗೊರೂರಿನ ಕ್ವಾರ್ಟರ್ಸಿನಿಂದ ಗಂಡ ಹೆಂಡತಿ ಬಂದಿದ್ದರು. ಕೈಯಲ್ಲಿ ಎಳೆಗೂಸು, ಜೊತೆಗೆ ಒಂದನೇ ಕ್ಲಾಸಿನ ಮಗಳು. ಎರಡನೆಯದು ಗಂಡು. ಅವನ ಹೆಸರಿನ ಹಲಗೆ ಬರೆಸಬೇಕಿತ್ತು. ಮಾತೆಲ್ಲ ಪಾಪುವಿನದೇ. ಪಾಪುಗೆ ಯಾವ ಬಣ್ಣ, ಪಾಪುಗೆ ಆನೆಯೋ ಮೊಲವೋ. ಆ ಹುಡುಗಿ ಎರಡು ಸಲ "ಅಮ್ಮಾ" ಅಂದಳು. ಅಮ್ಮನಿಗೆ ಕೇಳಿಸಲಿಲ್ಲ. ಅವಳು ನನ್ನ ಹತ್ತಿರ ಬಂದು, ಬಣ್ಣ ಒಣಗೋಕೆ ಬಿಟ್ಟಿದ್ದ ಟ್ರೇಲರ್ ಮುಂದೆ ನಿಂತುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಬಾ-ಡಿ-ಗೆ-ಗೆ ಸಿ-ಗು-ತ್ತ-ದೆ. ಹಂಗಂದ್ರೆ ಏನು ಅಂಕಲ್?"

"ಬೇಕಾದವರು ಬಂದು ಸ್ವಲ್ಪ ದಿನಕ್ಕೆ ತಗೊಂಡು ಹೋಗಬಹುದು ಪುಟ್ಟಿ."

ಅವಳು ಅಪ್ಪ ಅಮ್ಮನ ಕಡೆ ಒಂದು ಸಲ ನೋಡಿ, ನನ್ನ ಕಿವಿಯ ಹತ್ತಿರ ಬಂದಳು. "ಪಾಪು ಹಲಗೆ ಮೇಲೂ ಅದೇ ಬರೀತೀರಾ?"

ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಮಗು ನಿಜವಾಗಿಯೂ ನೊಂದುಕೊಂಡಿತ್ತು. ನಾನು ಅವಳ ಅಪ್ಪ ಅಮ್ಮನಿಗೆ ಏನೂ ಹೇಳದೆ, "ಈ ಹಲಗೆಗೆ ಅಕ್ಕನ ಸಹಿ ಬೇಕು, ಇಲ್ಲದಿದ್ರೆ ಬಣ್ಣ ನಿಲ್ಲಲ್ಲ" ಅಂದೆ. ಅವಳ ಅಂಗೈಗೆ ಹಳದಿ ಬಣ್ಣ ಬಳಿದು, ಹಲಗೆಯ ನಡುಮಧ್ಯೆ ಒತ್ತಿಸಿದೆ. ಆ ಪುಟ್ಟ ಬೆರಳುಗಳ ಸುತ್ತ ಎಸಳು ಬರೆದು ಸೂರ್ಯಕಾಂತಿ ಮಾಡಿದೆ. ತಮ್ಮನ ಹೆಸರನ್ನು ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದೆ. ಹುಡುಗಿ ಹೋಗುವಾಗ ತಾನೇ ಹಲಗೆ ಹೊತ್ತುಕೊಂಡು ಹೋದಳು.

ಆಮೇಲೊಂದು ದಿನ ಆ ಹುಡುಗಿಯ ಅಮ್ಮ ಫೋನ್ ಮಾಡಿದ್ದರು. ಮನೆಗೆ ಬಂದ ಅತ್ತಿಗೆಯೊಬ್ಬರು ತಮಾಷೆಗೆ, "ಪಾಪುನ ನಮ್ಮೂರಿಗೆ ಕರ್ಕೊಂಡು ಹೋಗ್ಲಾ?" ಅಂತ ಈ ಹುಡುಗಿಯನ್ನು ಕೇಳಿದರಂತೆ. ಅವಳು ಯೋಚನೆ ಮಾಡಿ ಒಪ್ಪಿಕೊಂಡಳಂತೆ.

"ಬಾಡಿಗೆಗೆ ಬೇಕಾದ್ರೆ ತಗೊಂಡ್ ಹೋಗಿ. ಸಂಜೆ ಒಳಗೆ ವಾಪಸ್ ತಂದ್ಬಿಡಬೇಕು. ನಾನಿಲ್ಲದಿದ್ರೆ ಅದಕ್ಕೆ ನಿದ್ದೆ ಬರಲ್ಲ."

ಗೌಡರ ಅಂಗಿ

ಈ ಗೌಡರನ್ನು ನಾನು ಬಹಳ ಕಾಲದಿಂದ ಬಲ್ಲೆ. ಗದ್ದೆ, ತೆಂಗಿನ ತೋಟ, ಎರಡು ಟ್ರ್ಯಾಕ್ಟರ್ ಇರುವ ಕುಳ. ಅವರ ಟ್ರೇಲರಿಗೆ ಬಣ್ಣ ನಾನೇ ಹೊಡೆಯುವುದು. ಅವರಿಗೆ ಒಬ್ಬಳೇ ಮಗಳು. ಹಾಸನದಲ್ಲಿ ಕೆಲಸಕ್ಕೆ ಸೇರಿ, ಅದೇ ಆಫೀಸಿನ ಹುಡುಗನನ್ನು ಮದುವೆಯಾದಳು. ಹುಡುಗ ಬೇರೆ ಜಾತಿ. ಗೌಡರು ಅಂದಿನಿಂದ ಮಗಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಹೋಗುವುದು ಬರುವುದು ನಿಂತು ಎರಡು ವರ್ಷದ ಮೇಲಾಗಿತ್ತು.

ಅಂಥವರು ಒಂದು ಬೆಳಿಗ್ಗೆ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿ ನೋಡಿದರೆ ಒಳ್ಳೆ ಹಲಸಿನ ಹಲಗೆ.

"ಒಂದ್ ಮಗೀಗೆ ಬರೀಬೇಕು ಕಣಯ್ಯ. ಎಣ್ಮಗು."

"ಯಾರ ಮಗು ಗೌಡ್ರೇ?"

ಅವರು ರಸ್ತೆಯ ಕಡೆ ನೋಡಿಕೊಂಡು, "ನನ್ ಮಗಳ್ದು" ಅಂದರು. ಆ ಎರಡು ಪದ ಹೇಳೋಕೆ ಅವರಿಗೆ ಬಹಳ ಹೊತ್ತು ಹಿಡಿಯಿತು.

"ಹೆಸರೇನು ಬರೀಲಿ?"

"ಅದ್ ನಂಗೊತ್ತಿಲ್ಲ. ಎಣ್ಮಗು ಅಂತ ಬಸ್‌ಸ್ಟ್ಯಾಂಡಲ್ಲಿ ಯಾರೋ ಏಳುದ್ರು, ಅಷ್ಟೇಯ. ಒಂದು ಅಸ, ಕರ, ನಾಕು ಊವ ಬರಿ, ಸಾಕು. ಯಾರ್ ಕೈಲಾದ್ರೂ ಕಳುಸ್ತೀನಿ. ನೋಡು, ನಮ್ಮನೇವ್ಳಿಗೆ ಮಾತ್ರ ಗೊತ್ತಾಗ್ಕೂಡದು."

ಆಯಿತು ಅಂದೆ. ಮಾರನೆಯ ದಿನ ಗೌಡರ ಹೆಂಡತಿ ಬಂದರು. ಚೀಲದಿಂದ ಮಗುವನ್ನು ಕೂರಿಸುವ ಒಂದು ಚಿಕ್ಕ ಮಣೆ ತೆಗೆದು ನನ್ನ ಮುಂದಿಟ್ಟರು.

"ಇದ್ರ ಮೇಲೆ ಸಾನ್ವಿ ಅಂತ ಬರ್ದುಕೊಡಪ್ಪ. ನನ್ ಮೊಮ್ಮಗಳು. ನಮ್ಮನೆ ಗೌಡುಂಗೆ ಮಾತ್ರ ಗೊತ್ತಾಗ್ಕೂಡದು, ಮನೇಲಿ ರಣರಂಗ ಆಗೋಯ್ತದೆ."

ಅಂದರೆ ತಾಯಿಗೆ ಮಗಳ ಜೊತೆ ಮಾತುಕತೆ ನಡೆದೇ ಇತ್ತು. ನಾನು ಅದಕ್ಕೂ ಆಯಿತು ಅಂದೆ. ಈಗ ನನ್ನ ಶೆಡ್ಡಿನಲ್ಲಿ ಒಂದೇ ಮನೆಯ ಎರಡು ಗುಟ್ಟು ಒಂದರ ಪಕ್ಕ ಒಂದು ಒಣಗುತ್ತಿದ್ದವು. ಗೌಡರ ಹಲಗೆಯಲ್ಲಿ ಹಸು ಇತ್ತು, ಕರು ಇತ್ತು, ಹೂವಿತ್ತು, ನಡುವೆ ಮಾತ್ರ ಭಣಗುಡುತ್ತಿತ್ತು. ಹೆಸರು ಗೊತ್ತಿದ್ದೂ ಬರೆಯದೆ ಇರೋಕೆ ನನ್ನ ಕೈಯಿಂದ ಆಗಲಿಲ್ಲ. ಬರೆದುಬಿಟ್ಟೆ.

ಗೌಡರು ಹಲಗೆ ತೆಗೆದುಕೊಳ್ಳೋಕೆ ಬಂದ ದಿನ ನಾನು ಬೇರೆಯವರ ಟ್ರೇಲರ್ ಒಂದರ ಹಿಂಬದಿ ಬರೆದು ಆಗಷ್ಟೇ ಮುಗಿಸಿದ್ದೆ. ಬಿಳೀ ಶರ್ಟು, ಬಿಳೀ ಪಂಚೆ, ಗೌಡರು ಎಂದಿನಂತೆ ಠಾಕುಠೀಕಾಗಿದ್ದರು. ಹಲಗೆ ನೋಡಿ ತಡವರಿಸಿದರು. ಹೆಸರನ್ನು ಮೂರು ನಾಲ್ಕು ಸಲ ತುಟಿಯಲ್ಲೇ ಅಂದುಕೊಂಡರು.

"ಸಾನ್ವಿ. ಇದ್ಯಾರಯ್ಯ ಏಳುದ್ರು ನಿಂಗೆ?"

"ಬಸ್‌ಸ್ಟ್ಯಾಂಡಲ್ಲಿ ಯಾರೋ ಅಂತಿದ್ರು ಗೌಡ್ರೇ."

ಅವರು ಇನ್ನೇನೋ ಕೇಳಬೇಕು ಅನ್ನುವಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಇಳಿದವರು ಅವರ ಹೆಂಡತಿ. ಗೌಡರು ಹಲಗೆಯನ್ನು ಎದೆಗವಚಿಕೊಂಡು, ಆ ವಯಸ್ಸಿನಲ್ಲಿ ಅಷ್ಟು ಚುರುಕಾಗಿ ಹೋಗಿ ಟ್ರೇಲರ್ ಹಿಂದೆ ಅಡಗಿದರು. ಬೇಡ ಗೌಡ್ರೇ ಅನ್ನುವುದಕ್ಕೂ ನನಗೆ ಪುರುಸೊತ್ತಾಗಲಿಲ್ಲ.

ಅಮ್ಮಾವ್ರು ಮಣೆ ನೋಡಿ ಸಂತೋಷಪಟ್ಟರು. ನಾನು ಬೇಗ ಕಳಿಸಬೇಕು ಅಂತ ಇದ್ದರೆ, ಅವರು ಸ್ಟೂಲ್ ಎಳೆದುಕೊಂಡು ಕೂತರು.

"ನಮ್ಮನೆ ಗೌಡ ಮೇಲೆ ನೋಡಕ್ಕೆ ಕಲ್ಲು ಕಣಪ್ಪ. ಒಳಗೆ ಬೆಣ್ಣೆ. ಮಗೀನ ಫೋಟೋನ ಫೋನಲ್ಲಿ ತೆಗೆದು ಮಂಚದ ಮೇಲೆ ಇಟ್ಬುಟ್ಟು ಕೊಟ್ಟಿಗೆಗೆ ಓಯ್ತೀನಿ. ಬಂದು ನೋಡುದ್ರೆ ಅರ್ಧ ಚಾರ್ಜ್ ಕಾಲಿ. ಕೂತ್ಕಂಡು ನೋಡ್ತಾನೆ, ನಾನು ಬಂದ್ ಕೂಡ್ಲೆ ಮಕ ತಿರುಗುಸ್ಕತಾನೆ. ನಂಗೆ ಗೊತ್ತಿಲ್ಲ ಅಂದ್ಕಂಡವ್ನೆ. ಒಂದ್ ಮಾತು ಓಗೋಣ ನಡಿಯೇ ಅಂದ್ರೆ ಅವ್ನ ಗಂಟೇನ್ ಓಯ್ತದೆ? ನಾನಾಗಿ ಕರದ್ರೆ ಬರಲ್ಲ. ಅವ್ನಾಗಿ ಏಳಲ್ಲ."

ಟ್ರೇಲರ್ ಹಿಂದಿನಿಂದ ಒಂದು ಸೀನು ಕೇಳಿಸಿತು. ಬಣ್ಣಕ್ಕೆ ಹಾಕುವ ಥಿನ್ನರಿನ ವಾಸನೆ ಮೂಗಿಗೆ ಹತ್ತಿದರೆ ಯಾರಿಗೂ ತಡೆಯೋಕಾಗಲ್ಲ. ಇನ್ನೊಂದು ಸೀನು ಬಂತು. ಅಮ್ಮಾವ್ರು ಕತ್ತೆತ್ತಿದರು. ಗಂಡನ ಸೀನು ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ.

"ಈಚೆಗ್ ಬನ್ನಿ" ಅಂದರು, ಶಾಂತವಾಗಿ.

ಗೌಡರು ಬಂದರು. ಎದೆಯ ಮೇಲೆ ಹಲಗೆ, ಹಲಗೆಯ ಮೇಲೆ ಮೊಮ್ಮಗಳ ಹೆಸರು. ಇಬ್ಬರೂ ಒಬ್ಬರ ಕೈಯಲ್ಲಿರುವುದನ್ನು ಇನ್ನೊಬ್ಬರು ನೋಡಿದರು. ಅಮ್ಮಾವ್ರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು.

"ಆಟೋ ನಿಂತದೆ. ನಡೀರಿ ಆಸನಕ್ಕೆ."

"ಈಗ್ಲಾ? ಅಂಗಿ ಬಣ್ಣ ಆಗದೆ. ಮನೆಗೋಗಿ ಬದಲಾಯ್ಸ್ಕಂಡು..."

"ಅಂಗಿ ಬದಲಾಯ್ಸ್ಕಂಡ್ ಬರಾಷ್ಟೊತ್ಗೆ ನಿಮ್ ಮನ್ಸೂ ಬದಲಾಯ್ತದೆ. ಅತ್ತಿ ನೀವು."

ಗೌಡರಿಗೆ ತೋಳಿನ ಮೇಲಿದ್ದ ಒಂದು ಚುಕ್ಕೆ ಬಣ್ಣ ಮಾತ್ರ ಕಂಡಿತ್ತು. ಅವರು ಅಡಗಿದಾಗ ಹಸೀ ಬಣ್ಣದ ಟ್ರೇಲರಿಗೆ ಬೆನ್ನೊರಗಿಸಿ ನಿಂತಿದ್ದರು. ತಿರುಗಿದಾಗ ನನಗೂ ಅಮ್ಮಾವ್ರಿಗೂ ಒಟ್ಟಿಗೇ ಕಂಡಿತು. ನಾನು ಬರೆದಿದ್ದ ಎರಡು ಸಾಲು ಕೆಂಪು ಅಕ್ಷರ, ಉಲ್ಟಾ ಆಗಿ, ಅಗಲವಾಗಿ ಅವರ ಬಿಳೀ ಅಂಗಿಯ ಬೆನ್ನಿಗೆ ಕೂತಿತ್ತು. ನಾನು ಬಾಯಿ ತೆರೆದೆ. ಅಮ್ಮಾವ್ರು ಕಣ್ಣಲ್ಲೇ ಸುಮ್ಮನಿರು ಅಂದರು.

ಹೆಂಡತಿ ಜೊತೆಗಿದ್ದರೂ ಗೌಡರಿಗೆ ಅಳಿಯನ ಮನೆಗೆ ಹೋಗೋಕೆ ಅಳುಕು. "ನೀನೂ ಬಾರಯ್ಯ, ಅಲಗೆಗೆ ಮೊಳೆ ಒಡಿಯಾಕೆ ಜನ ಬೇಕು" ಅಂತ ನನ್ನನ್ನೂ ಆಟೋಗೆ ಹತ್ತಿಸಿಕೊಂಡರು. ಹಾಸನ ಸೇರುವವರೆಗೂ ಅವರು ಸೀಟಿಗೆ ಒರಗದೆ ಮುಂದಕ್ಕೆ ಬಗ್ಗಿಕೊಂಡೇ ಇದ್ದರು. ಹಲಗೆಯ ಮೇಲಿದ್ದ ಕರುವನ್ನು ಹೆಬ್ಬೆರಳಿನಲ್ಲಿ ಸವರುತ್ತಾ ಕೂತಿದ್ದರು.

ಬಾಗಿಲು ತೆರೆದದ್ದು ಅಳಿಯ. ಗೌಡರನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಗೌಡರು ಹಲಗೆಯನ್ನು ಅವನ ಕೈಗೆ ಕೊಟ್ಟು, "ಎಲ್ಲಿಗೆ ಒಡಿಯಾದು ತೋರ್ಸಪ್ಪ ಇವ್ರಿಗೆ" ಅಂದರು. ಅಳಿಯನ ಜೊತೆ ಅವರು ಆಡಿದ ಮೊದಲ ಮಾತು ಅದು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, "ಬನ್ನಿ ಮಾವ, ಒಳಗೆ ಬನ್ನಿ" ಅಂದ.

ಮಗಳು ಕೋಣೆಯಲ್ಲಿ ಮಗುವಿಗೆ ಕುಲಾವಿ ಕಟ್ಟುತ್ತಿದ್ದಳು. ಅಪ್ಪನನ್ನು ಕಂಡು ಹಾಗೇ ನಿಂತಳು. ಗೌಡರು ಅವಳ ಮುಖ ನೋಡಲಾರದೆ, ನೇರ ಹೋಗಿ ಮಗುವನ್ನು ಎತ್ತಿಕೊಂಡರು. ಎತ್ತಿಕೊಂಡವರು ಕಣ್ಣೀರು ಯಾರಿಗೂ ಕಾಣಬಾರದು ಅಂತ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಬೆನ್ನ ಹಿಂದೆ ಒಂದು ಬೀರು, ಅದರ ಬಾಗಿಲಿಗೆ ಉದ್ದನೆಯ ಕನ್ನಡಿ. ಉಲ್ಟಾ ಇದ್ದ ಅಕ್ಷರವೆಲ್ಲ ಕನ್ನಡಿಯಲ್ಲಿ ನೆಟ್ಟಗಾಗಿ, ಮನೆಯವರೆಲ್ಲ ಓದುವ ಹಾಗೆ ಎದ್ದು ಕಾಣಿಸಿತು.

ಅಂತರ ಕಾಪಾಡಿ.

ಅಳಿಯ ಓದಿದ, ತಲೆ ತಗ್ಗಿಸಿದ. ಅಮ್ಮಾವ್ರು ಸೆರಗನ್ನು ಬಾಯಿಗೆ ತುರುಕಿಕೊಂಡರು. ನಾನು ಮೊಳೆ ಹುಡುಕುವವನ ಹಾಗೆ ಜೇಬಿಗೆ ಕೈ ಹಾಕಿದೆ. ಮಗಳು ಕನ್ನಡಿ ನೋಡಿದಳು, ಅಪ್ಪನ ಬೆನ್ನು ನೋಡಿದಳು. ಅಳುತ್ತಿದ್ದವಳಿಗೆ ಅಳುವಿನ ನಡುವೆಯೇ ನಗು ನುಗ್ಗಿ ಬಂತು.

"ಇಷ್ಟು ದಿನ ಕಾಪಾಡಿದ್ದು ಸಾಕಾಗ್ಲಿಲ್ವಾ ಅಪ್ಪಾ? ಬೆನ್ನ ಮೇಲೆ ಬೇರೆ ಬರ್ಸ್ಕೊಂಡು ಬಂದಿದ್ದೀರ."

ಗೌಡರು ಗಾಬರಿಯಾಗಿ ತಿರುಗಿ ಕನ್ನಡಿ ನೋಡಿದರು. ಕತ್ತು ಹೊರಳಿಸಿ ಬೆನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ಒಂದು ನೋಟ ಬಿಟ್ಟು, ಮೊಮ್ಮಗಳನ್ನು ಇನ್ನಷ್ಟು ಎದೆಗೊತ್ತಿಕೊಂಡರು.

"ಅದು ಇಂದ್ಗಡೆಯಿಂದ ಬರೋರ್ಗೆ ಕಣವ್ವ. ಮುಂದ್ಗಡೆಯಿಂದ ಬರೋರ್ಗಲ್ಲ. ಬಾ ಇತ್ಲಾಗೆ."